ಪರದೆಯ ಬೆನ್ನಿನ ಕಡೆ

ನಮ್ಮ ಅಡುಗೆಮನೆಯ ಹಿತ್ತಿಲ ಬಾಗಿಲು ತೆಗೆದರೆ ಎದುರಿಗೆ ಸಿನಿಮಾ ಪರದೆಯ ಬೆನ್ನು. ಬೇರೆಯವರ ಮನೆಗಳಲ್ಲಿ ಆ ಬಾಗಿಲಿನಾಚೆ ಬಾವಿಯೋ ಬಟ್ಟೆ ಒಗೆಯುವ ಕಲ್ಲೋ ಇರುತ್ತಿತ್ತು. ನಮ್ಮಲ್ಲಿ ನಾಲ್ಕು ಮಾರು ಅಗಲದ ಮಣ್ಣಿನ ನೆಲ, ಅದರಾಚೆ ಬೊಂಬುಗಳಿಗೆ ಬಿಗಿದು ಕಟ್ಟಿದ ಎತ್ತರದ ಬಿಳಿ ಬಟ್ಟೆ, ಅದರ ಎರಡೂ ಬದಿಗೆ ನನಗಿಂತ ಎತ್ತರದ ಸ್ಪೀಕರ್ ಪೆಟ್ಟಿಗೆಗಳು. ಹಗಲಿನಲ್ಲಿ ಅದು ಯಾವನೋ ದೈತ್ಯ ಒಣಹಾಕಿ ಮರೆತುಹೋದ ಪಂಚೆಯ ಹಾಗೆ ಸುಮ್ಮನೆ ಗಾಳಿಗೆ ಉಬ್ಬುತ್ತಿತ್ತು. ಸಂಜೆ ಫಸ್ಟ್ ಶೋ ಶುರುವಾದರೆ ರಾಕ್ಷಸರು ನಮ್ಮ ಒಲೆಯ ಪಕ್ಕದಲ್ಲೇ ನಿಂತು ನಗುತ್ತಿದ್ದರು. ಸ್ಪೀಕರಿನ ಬಾಯಿ ಜನರ ಕಡೆಗಿದ್ದರೂ ಅದರ ಗುಡುಗೆಲ್ಲ ನಮ್ಮ ಪಾಲಿಗೆ. ಗೂಡಿನಲ್ಲಿಟ್ಟ ಹಿತ್ತಾಳೆ ಲೋಟಗಳು ಒಂದಕ್ಕೊಂದು ತಾಗಿ ಝಲ್ಲೆನ್ನುತ್ತಿದ್ದವು. ಅಮ್ಮ ಮುದ್ದೆ ತೊಳಸುತ್ತಿದ್ದರೆ ನಾನು ಅವಳ ಸೆರಗು ಹಿಡಿದು ನಿಲ್ಲುತ್ತಿದ್ದೆ. ಹಿಡಿಯುತ್ತಿದ್ದದ್ದು ಎಡಗೈಯಲ್ಲಿ. ನನ್ನ ಬಾಲ್ಯದ ಹೆದರಿಕೆಯೆಲ್ಲ ಆ ಕೈಯ ಸುತ್ತಲೇ ಇತ್ತು.

ನಮ್ಮ ಟಾಕೀಸಿಗೆ ತಾತ ಇಟ್ಟ ಒಂದು ದೊಡ್ಡ ಹೆಸರು ಇತ್ತು. ಬೋರ್ಡಿನ ಮೇಲೆ ಬಣ್ಣ ಉದುರಿ ಅದರ ಅರ್ಧ ಮಾಯವಾಗಿತ್ತು, ರಾಮನಗರದಲ್ಲಿ ಯಾರೂ ಆ ಹೆಸರು ಎತ್ತುತ್ತಲೂ ಇರಲಿಲ್ಲ. 'ಹಳೇ ಪಿಚ್ಚರ್ ಟೆಂಟು' ಎಂದರೆ ಜಟಕಾದವನು ನೇರ ತಂದು ಇಳಿಸುತ್ತಿದ್ದ. ಹೊಸ ಚಿತ್ರಗಳೆಲ್ಲ ಸ್ಟೇಷನ್ ಹತ್ತಿರದ ದೊಡ್ಡ ಥಿಯೇಟರಿಗೆ ಹೋಗುತ್ತಿದ್ದವು. ಅಪ್ಪಾಜಿ ತರಿಸುತ್ತಿದ್ದದ್ದು ಬೇರೆ ಊರುಗಳಲ್ಲಿ ಓಡಿ ಓಡಿ ದಣಿದ ಚಿತ್ರಗಳನ್ನು, ಮೈತುಂಬ ಗೆರೆ ಬಿದ್ದ, ಅಲ್ಲಲ್ಲಿ ತುಂಡಾಗಿ ಅಂಟಿಸಿಕೊಂಡ ರೀಲುಗಳನ್ನು. ಅದೇ ರಾಜರು, ಅದೇ ಋಷಿಗಳು, ಅದೇ ಸತಿ ಅದೇ ಸವತಿ, ವರ್ಷವರ್ಷವೂ ನೆಂಟರ ಹಾಗೆ ಮತ್ತೆ ಮತ್ತೆ ಬರುತ್ತಿದ್ದರು. ರೇಷ್ಮೆಗೂಡು ಮಾರಲು ಕೋಡಿಹಳ್ಳಿ, ಮಾಗಡಿ ಕಡೆಯಿಂದ ಬಂದ ರೈತರಿಗೆ ಅದೇ ಬೇಕಾಗಿತ್ತು. ಕಥೆ ಮೊದಲೇ ಗೊತ್ತಿದ್ದರೆ ಅಳುವುದಕ್ಕೂ ನಗುವುದಕ್ಕೂ ಆತುರವಿರುವುದಿಲ್ಲ ನೋಡಿ. ಖಾಲಿ ಬುಟ್ಟಿಗಳನ್ನು ಬೋರಲು ಹಾಕಿ ಅದರ ಮೇಲೆ ಕುಳಿತು, ಪಾತ್ರಧಾರಿಗಿಂತ ಒಂದು ಮಾತು ಮುಂಚೆಯೇ ತಾವು ಹೇಳಿಬಿಡುತ್ತಿದ್ದರು. ಬುಟ್ಟಿಗಂಟಿದ ರೇಷ್ಮೆಗೂಡಿನ ವಾಸನೆ, ಬೀಡಿ ಹೊಗೆ, ಕಡಲೆಕಾಯಿ ಸಿಪ್ಪೆ ಎಲ್ಲ ಸೇರಿ ಒಂದು ಗಂಧ ಪರದೆ ದಾಟಿ ನಮ್ಮ ಅಡುಗೆಮನೆಗೆ ಬರುತ್ತಿತ್ತು. ಆಮೇಲೆ ಎಷ್ಟು ಏರ್‌ಕಂಡೀಷನ್ಡ್ ಹಾಲುಗಳಲ್ಲಿ ಕೂತರೂ, ಫ್ರಾಂಕ್ಲಿ, ಆ ಗಂಧವಿಲ್ಲದೆ ನನಗೆ ಸಿನಿಮಾ ನೋಡಿದ ಹಾಗೇ ಆಗಿಲ್ಲ.

ಈಗಿನ ಮಕ್ಕಳು 'ಐ ಆಮ್ ಎ ಲೆಫ್ಟ್ ಹ್ಯಾಂಡರ್' ಎಂದು ಜಂಬದಿಂದ ಹೇಳಿಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ ಇದ್ದ ಮಾತು 'ಎಡಚಿ'. ಅದನ್ನು ಜೋರಾಗಿ ಹೇಳುತ್ತಿರಲಿಲ್ಲ, ಬೀದಿಗೆ ಕೇಳಿಸಬಾರದೆಂದು. ನಮ್ಮದು ಶಿವಭಕ್ತರ ಮನೆ. ಅಪ್ಪಾಜಿಯ ತಾಯಿ, ನನ್ನ ಅಜ್ಜಿ, ತಿಪ್ಪಸಂದ್ರದ ಕಡೆಯಿಂದ ಸೊಸೆಯಾಗಿ ಬಂದವಳು, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಬೆವರಿಗೂ ಅಳಿಸದ ಹಾಗೆ ಇಟ್ಟುಕೊಂಡು ಮನೆಯನ್ನು ಆಳುತ್ತಿದ್ದಳು. ಟಿಕೆಟ್ ಗಲಾಟೆಯಲ್ಲಿ ರೌಡಿಗಳ ಕಾಲರ್ ಹಿಡಿಯುತ್ತಿದ್ದ ಅಪ್ಪಾಜಿ ಅವಳೆದುರು ಬೀಡಿ ಕೂಡ ಸೇದುತ್ತಿರಲಿಲ್ಲ. ತುಮಕೂರಿನ ಕಡೆಯವಳಾದ ಅಮ್ಮ ಬಾಯಿ ತೆರೆದು ಮಾತಾಡಿದ್ದನ್ನೇ ನಾನು ಹೆಚ್ಚು ಕೇಳಿರಲಿಲ್ಲ. ಊಟಕ್ಕೆ ಕೂತಾಗ ಅಜ್ಜಿಯ ಕಣ್ಣು ತಟ್ಟೆಯ ಮೇಲಿರುತ್ತಿರಲಿಲ್ಲ, ನನ್ನ ಭುಜದ ಮೇಲಿರುತ್ತಿತ್ತು, ಯಾವ ಭುಜ ಅಲುಗುತ್ತದೆ ಎಂದು.

"ಏನೇ ಗಿರಿಜಾ, ಯಾವ ಕೈಯೇ ಅದು ತಟ್ಟೇಲಿ?"

"ಮರ್ತೋಯ್ತು ಅಜ್ಜಿ."

"ಮರೆಯಾಕೆ ಅದೇನು ಮಗ್ಗಿಯಾ? ತೆಗಿ ಅತ್ಲಾಗೆ! ನಾಳೀಕೆ ಕೊಟ್ಟ ಮನೇಲಿ ಆ ಕೈಲೇ ಬಡುಸ್ತೀಯಾ? ನಮ್ಮ ಪುಟ್ಟಕ್ಕನ್ನ ತಂದು ಬುಟ್ಟೋದಂಗೆ ನಿನ್ನೂ ತಂದು ಬುಟ್ಟೋಯ್ತಾರೆ ಕಣೇ."

ಪುಟ್ಟಕ್ಕ ಅಜ್ಜಿಯ ತಂಗಿ. ನಾನು ನೋಡಿದವಳಲ್ಲ. ಮದುವೆಯಾದ ಹೊಸತರಲ್ಲಿ ಮಾವನ ಎಲೆಗೆ ಎಡಗೈಯಲ್ಲಿ ಅನ್ನ ಬಡಿಸಿದಳಂತೆ. ಮಾವ ಎಲೆಯಿಂದ ಎದ್ದನಂತೆ. ಗಾಡಿ ಕಟ್ಟಿಸಿ ಅವಳನ್ನು ತವರಿನ ಬಾಗಿಲಲ್ಲಿ ಇಳಿಸಿಹೋದರಂತೆ. ಅವಳು ಮತ್ತೆ ಆ ಊರು ನೋಡಲಿಲ್ಲ, ತವರಿನ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ದನದ ಉಸಿರು ಕೇಳುತ್ತ ಮುದುಕಿಯಾಗಿ ಸತ್ತಳಂತೆ. ಬೇರೆ ಮಕ್ಕಳಿಗೆ ಗುಮ್ಮನ ಕಥೆ ಹೇಳುತ್ತಿದ್ದರು, ನನಗೆ ಪುಟ್ಟಕ್ಕನ ಕಥೆ. ಅಜ್ಜಿ ಸಿಟ್ಟಿನವಳೆಂದು ನಾನು ಆಗ ತಿಳಿದಿದ್ದೆ. ಅವಳೂ ನನ್ನಷ್ಟೇ ಹೆದರಿದ್ದಳೆಂದು ಹೊಳೆಯಲು ನಾನೇ ಅಜ್ಜಿಯಾಗಬೇಕಾಯಿತು.

ಮೊದಮೊದಲು ಏಟು. ಆಮೇಲೆ ಚೀಲ. ಅಜ್ಜಿ ಹೇಳಿದಂತೆ ಅಮ್ಮ ಒಂದು ಪುಟ್ಟ ಚೀಲ ಹೊಲಿದಳು, ಹರಿದುಹೋದ ಹಳೆಯ ಪರದೆಯ ತುಂಡಿನಿಂದ. ಮುಷ್ಟಿ ಹಿಡಿಯುವಷ್ಟು ಅಗಲ, ಬಾಯಿಗೆ ಲಾಡಿ. ಶಾಲೆಯಿಂದ ಬಂದ ತಕ್ಷಣ ಅಜ್ಜಿ ನನ್ನ ಎಡಗೈಯನ್ನು ಅದರೊಳಗೆ ತೂರಿಸಿ ಮಣಿಕಟ್ಟಿಗೆ ಗಂಟು ಹಾಕುತ್ತಿದ್ದಳು. ಒಳಗೆ ಬೆರಳುಗಳು ಬೆವೆತು ಒಂದನ್ನೊಂದು ಹಿಡಿದುಕೊಂಡಿರುತ್ತಿದ್ದವು. ರೈಲು ಹಳಿಯಾಚೆಗಿದ್ದ ನನ್ನ ಕಾನ್ವೆಂಟಿನಲ್ಲಿ ಚೀಲ ಇರಲಿಲ್ಲ, ರೂಲರ್ ಇತ್ತು. ನಮ್ಮ ಕ್ಲಾಸಿನ ಸಿಸ್ಟರ್ ಕೂಗಾಡುವವರಲ್ಲ. ಬೆಂಚಿನ ಪಕ್ಕ ಬಂದು ಬಗ್ಗಿ, ಮೆತ್ತಗೆ, 'ದಿ ಅದರ್ ಹ್ಯಾಂಡ್, ಗಿರಿಜಾ' ಎನ್ನುತ್ತಿದ್ದರು, ಆಮೇಲೆ ಗೆಣ್ಣಿನ ಮೇಲೆ ಏಟು. ಕೂಗಾಡಿದ್ದರೆ ಇಷ್ಟು ಹೆದರುತ್ತಿರಲಿಲ್ಲವೇನೋ. ತಮಾಷೆಯೆಂದರೆ, ಹೆದರಿದಷ್ಟೂ ಆ ಕೈಯೇ ಮುಂದೆ ಬರುತ್ತಿತ್ತು. ಹಾವು ಕಂಡರೆ, ನಾಯಿ ಬೊಗಳಿದರೆ, ಅಜ್ಜಿ ಕೂಗಿದರೆ ಮೊದಲು ಏಳುತ್ತಿದ್ದದ್ದು ಎಡಗೈ.

ನನಗೆ ಎಂಟು ತುಂಬಿದ ವರ್ಷ ಶಿವರಾತ್ರಿಗೆ ಲಿಂಗದೀಕ್ಷೆ ಕೊಡಿಸುವುದೆಂದು ಗೊತ್ತಾಯಿತು. ಗುರುಗಳು ಮನೆಗೇ ಬಂದು, ಅಂಗೈಯಲ್ಲಿ ಲಿಂಗವಿಟ್ಟು, ಕಿವಿಯಲ್ಲಿ ಮಂತ್ರ ಹೇಳುವುದು ನಮ್ಮಲ್ಲಿ ಪದ್ಧತಿ. ಅವತ್ತು ನೆಂಟರೆಲ್ಲ ಸೇರುತ್ತಾರೆ. ಅವರೆದುರು ಈ ಕೈ ಏನಾದರೂ ಮುಂದೆ ಬಂದರೆ? ಅಜ್ಜಿ ಸೊಪ್ಪು ಕೊಯ್ಯುವ ಕುಡುಗೋಲನ್ನು ಒಲೆಯ ಮೇಲಿನ ಗೂಡಿನಿಂದ ತೆಗೆದು ನನಗೆ ತೋರಿಸಿದಳು.

"ನೋಡ್ಕೊ. ಏಟಿಗೂ ಬಗ್ಗನಿಲ್ಲ, ಚೀಲಕ್ಕೂ ಬಗ್ಗನಿಲ್ಲ. ಇನ್ನೊಂದು ಸತಿ ಆ ಕೈ ಮುಂದೆ ಬಂದ್ರೆ ಈ ಕುಡ್ಲು ಕಾಯ್ಸಿ ಬರೆ ಎಳೀತೀನಿ. ಸುಟ್ಟ ಕೈಗೆ ಬುದ್ಧಿ ತಾನಾಗೇ ಬತ್ತೈತೆ."

ಅದು ಬರಿಯ ಬೆದರಿಕೆಯಲ್ಲವೆಂದು ನನಗೆ ಗೊತ್ತಿತ್ತು. ಪಕ್ಕದ ಮನೆಯ ಹುಡುಗಿಗೆ ಹಾಸಿಗೆ ಒದ್ದೆ ಮಾಡುತ್ತಾಳೆಂದು ತೊಡೆಗೆ ಎಳೆದ ಬರೆಯನ್ನು ನಾನು ನೋಡಿದ್ದೆ. ಅದು ಮಾಗಿ ನುಣ್ಣಗೆ ಹೊಳೆಯುತ್ತಿತ್ತು. ಅಂದಿನಿಂದ ಅಡುಗೆಮನೆಗೆ ಹೋದರೆ ಮೊದಲು ಗೂಡು ನೋಡುತ್ತಿದ್ದೆ. ಕುಡುಗೋಲು ಅಲ್ಲಿದ್ದರೆ ಒಂದು ಹೆದರಿಕೆ, ಇಲ್ಲದಿದ್ದರೆ ಇನ್ನೂ ದೊಡ್ಡ ಹೆದರಿಕೆ.

ಇಷ್ಟರ ನಡುವೆ ನನಗೊಂದು ಆಸರೆಯಿತ್ತು. ಅದು ಹಿತ್ತಿಲ ಬಾಗಿಲಿನಾಚೆ ಇತ್ತು. ಮಾಲೀಕರ ಮನೆಯ ಹೆಂಗಸರು ಟಿಕೆಟ್ ಜನರ ಜೊತೆ ಕೂರಬಾರದೆಂದು ಅಜ್ಜಿಯ ಕಟ್ಟಪ್ಪಣೆ. ಹಾಗಾಗಿ ಅಡುಗೆ ಮುಗಿದ ಮೇಲೆ ಅಮ್ಮ ಚಾಪೆ ತಂದು ಪರದೆಯ ಹಿಂದೆ ಹಾಸುತ್ತಿದ್ದಳು. ಬಟ್ಟೆ ತೆಳ್ಳಗಿದ್ದುದರಿಂದ ಚಿತ್ರವೆಲ್ಲ ಈ ಕಡೆಗೂ ಮೂಡುತ್ತಿತ್ತು. ಮಣ್ಣಿನ ನೆಲದಲ್ಲಿ ಕಾಲು ಚಾಚಿ ಅಮ್ಮ, ಅವಳ ಮಡಿಲಿಗೆ ತಲೆಯಿಟ್ಟು ನಾನು, ನಮ್ಮ ಮುಖದ ಮೇಲೆ ಯುದ್ಧದ ಬೆಳಕು. ಸ್ಪೀಕರಿನ ಗರ್ಜನೆಗೆ ಎದೆ ಹೊಡೆದುಕೊಳ್ಳುತ್ತಿದ್ದರೂ ನಾನು ಕಣ್ಣು ಮುಚ್ಚುತ್ತಿರಲಿಲ್ಲ. ಯಾಕೆಂದರೆ ಅಲ್ಲಿ ರಾಜ ಎಡಗೈಯಲ್ಲಿ ಕತ್ತಿ ಹಿರಿಯುತ್ತಿದ್ದ. ಋಷಿ ಎಡಗೈಯಲ್ಲಿ ಕಮಂಡಲದ ನೀರು ಚಿಮುಕಿಸಿ ಶಾಪ ಕೊಡುತ್ತಿದ್ದ. ಶಿವ ಬಂದು ಎಡಗೈ ಎತ್ತಿ ಹರಸುತ್ತಿದ್ದ. ಮದುವೆಯ ಊಟದಲ್ಲಿ ಸಾಲಾಗಿ ಕೂತವರೆಲ್ಲ ಎಡಗೈಯಲ್ಲೇ ಉಣ್ಣುತ್ತಿದ್ದರು, ಬಡಿಸುವವರೂ ಎಡಗೈಯಲ್ಲೇ, ಯಾವ ಮಾವನೂ ಎಲೆಯಿಂದ ಏಳುತ್ತಿರಲಿಲ್ಲ! ಒಂದೇ ಚಿತ್ರ ಮತ್ತೆ ಮತ್ತೆ ಬರುತ್ತಿದ್ದುದರಿಂದ ಯಾವಾಗ ಯಾರ ಕೈ ಏಳುತ್ತದೆಂದು ನನಗೆ ಕಂಠಪಾಠವಾಗಿತ್ತು. ಚೀಲದೊಳಗಿನ ನನ್ನ ಕೈ ಅವರ ಜೊತೆಗೇ ಏಳುತ್ತಿತ್ತು. ಈ ಲೋಕದಲ್ಲಿ ನಾನೊಬ್ಬಳೇ ಎಡಚಿ ಇರಬಹುದು, ಆದರೆ ದೇವರುಗಳೆಲ್ಲ ನನ್ನ ಕಡೆ ಎಂಬುದು ನನ್ನ ಲಾಜಿಕ್. ಬರೆ ಎಳೆಯುವ ದಿನ ಬಂದರೆ ಅವರಲ್ಲಿ ಯಾರಾದರೂ ಒಬ್ಬರು ಬಂದೇ ಬರುತ್ತಾರೆಂದು ನಂಬಿದ್ದೆ.

ಅಮ್ಮನಿಗೆ ನಿಜ ಗೊತ್ತಿತ್ತು. ತವರಿನಲ್ಲಿದ್ದಾಗ ಅವಳು ಮುಂದೆ ಕೂತು ಸಿನಿಮಾ ನೋಡಿದವಳು. ಹೇಳಲಿಲ್ಲ. ಯಾಕೆ ಹೇಳಲಿಲ್ಲವೆಂದು ಬಹಳ ವರ್ಷದ ಮೇಲೆ ಕೇಳಿದಾಗ, 'ನಿನ್ ಮುಖ ಅಷ್ಟು ಅರಳಿರ್ತಿತ್ತು' ಎಂದಷ್ಟೇ ಹೇಳಿ ಕೈಯಲ್ಲಿದ್ದ ಕಾಳು ಆರಿಸತೊಡಗಿದಳು. ಅಜ್ಜಿ ಮಾತ್ರ ಪರದೆಯ ಕಡೆ ಅಪರೂಪಕ್ಕೆ ಬಂದು, ನಿಂತಲ್ಲೇ ಒಂದು ಗಳಿಗೆ ನೋಡಿ, ಮೂಗು ಮುರಿದು ಹೋಗುತ್ತಿದ್ದಳು.

"ರಾಜನಂತೆ ರಾಜ. ಎಡಗೈಲಿ ಉಣ್ತಾವ್ನೆ. ಸಿನಿಮಾದೋರ್ಗೆ ಆಚಾರ ಇಲ್ಲ, ವಿಚಾರ ಇಲ್ಲ."

ಶಿವರಾತ್ರಿಗೆ ಸ್ವಲ್ಪ ಮುಂಚೆ ಅಪ್ಪಾಜಿ ಒಬ್ಬ ಶಿವಶರಣನ ಕಥೆಯ ಹಳೆಯ ಚಿತ್ರ ತರಿಸಿದರು. ಶರಣರ ಕಥೆಯೆಂದ ಮೇಲೆ ಅಜ್ಜಿ ಬಾರದಿರುತ್ತಾಳೆಯೇ? ಸ್ನಾನ ಮಾಡಿ, ಮಡಿಸೀರೆ ಉಟ್ಟು, ತೆಂಗಿನಕಾಯಿ ಕರ್ಪೂರ ಹಿಡಿದು ಪರದೆಯ ಹಿಂದೆ ಮಣೆ ಹಾಕಿಸಿಕೊಂಡು ಕೂತಳು. ಟೈಟಲ್ ಬರುತ್ತಿದ್ದಂತೆ ಕಾಯಿ ಒಡೆದು ಕರ್ಪೂರ ಹಚ್ಚಿ ಪರದೆಯ ಬೆನ್ನಿಗೆ ಆರತಿ ಎತ್ತಿದಳು. ಬೆಂಕಿ ಬಟ್ಟೆಗೆ ಎಲ್ಲಿ ತಾಗುತ್ತದೋ ಎಂದು ಅಮ್ಮ ಎರಡೂ ಕೈ ಅಡ್ಡ ಹಿಡಿದಿದ್ದಳು. ಎಲ್ಲ ಚೆನ್ನಾಗಿಯೇ ನಡೆದಿತ್ತು. ಆಮೇಲೆ ಶರಣ ಹೊಳೆಯಲ್ಲಿ ಮಿಂದು ಬಂದು ಪೂಜೆಗೆ ಕೂತ. ಅಜ್ಜಿ ದಿನಾ ಬೆಳಿಗ್ಗೆ ಗೋಡೆಗೆ ಮುಖ ಮಾಡಿ, ಸೆರಗು ಮರೆಮಾಡಿಕೊಂಡು ಮಾಡುತ್ತಿದ್ದ ಪೂಜೆ ಅದು. ಅವಳ ಅಂಗೈಯಲ್ಲಿ ಏನು ನಡೆಯುತ್ತದೆಂದು ನಾನು ಯಾವತ್ತೂ ನೋಡಿರಲಿಲ್ಲ, ನೋಡಲು ಬಿಡುತ್ತಲೂ ಇರಲಿಲ್ಲ. ಪರದೆಯ ಮೇಲೆ ಶರಣನ ಅಂಗೈ ಮನೆಯಷ್ಟು ದೊಡ್ಡದಾಗಿ ಬಂತು, ಅದರ ನಡುವೆ ಲಿಂಗ. ಅಜ್ಜಿ ಮಣೆಯಿಂದ ಚಿಮ್ಮಿ ಎದ್ದಳು.

"ಅಯ್ಯೋ ಅಯ್ಯೋ! ಬಲಗೈಲಿ ಲಿಂಗ ಮಡಿಕ್ಕಂಡವ್ನಲ್ಲೋ ಪಾಪಿ! ನಿಲ್ಸ್ರೋ! ನಿಲ್ಸ್ರೋ ಪಿಚ್ಚರ್ನ!"

ಆಚೆ ಕಡೆ ಜನಕ್ಕೆ ಕಂಡದ್ದು ಧ್ಯಾನದಲ್ಲಿ ಕಣ್ಣು ಮುಚ್ಚಿದ ಶರಣ, ಕೇಳಿದ್ದು ಮುದುಕಿಯ ಕಿರುಚಾಟ. ಬುಟ್ಟಿಗಳ ಕಡೆಯಿಂದ ಎರಡು ದನಿ ಕೇಳಿಸಿದವು.

"ಲೇ, ಹೋದ್ಸತಿ ಈ ಮಾತು ಇರ್ನಿಲ್ಲ ಕಣ್ಲಾ!"

"ಅಶರೀರವಾಣಿ ಇರ್ಬೇಕು ಸುಮ್ಕಿರ್ಲಾ."

ಅಪ್ಪಾಜಿ ಗೇಟಿನಿಂದ ಓಡಿಬಂದರು. ಅಜ್ಜಿ ಪರದೆಯ ಕಡೆ ಬೆರಳು ತೋರಿಸಿದಳು.

"ಈಗಿಂದೀಗ್ಲೆ ರೀಲ್ ಡಬ್ಬ ವಾಪಸ್ ಕಳ್ಸು. ಶಿವರಾತ್ರಿ ಹೊಸ್ತಿಲ್ನಾಗೆ ಇಂಥಾ ಅಪಚಾರ ನಮ್ಮ ಮನೇಲೇ ಆಗ್ಬೇಕಾ?"

"ಅವ್ವಾ, ಅವ್ನು ಎಡಗೈಲೇ ಹಿಡಿದವ್ನೆ. ನಾವು ಬೆನ್ನಿಂದ ನೋಡ್ತಾ ಇದೀವಲ್ಲ, ಅದ್ಕೇ ಉಲ್ಟಾ ಕಾಣ್ತದೆ."

"ನನ್ ಕಣ್ಣೇನ್ ಹೋಗೈತಾ? ನೀನೂ ಸಿನಿಮಾದೋನೇ, ಅವ್ರ ಪರ ಮಾತಾಡ್ತೀಯ."

"ಹಂಗಾದ್ರೆ ಬಾ, ಮುಂದ್ಗಡೆ ಬಂದು ನೀನೇ ನೋಡು."

ಅಜ್ಜಿ ತನ್ನ ಕಟ್ಟಪ್ಪಣೆಯನ್ನು ತಾನೇ ಮುರಿದು ಟೆಂಟಿನೊಳಗೆ ಕಾಲಿಟ್ಟದ್ದು ಅವತ್ತೇ. ಅವಳ ಸೆರಗು ಹಿಡಿದು ನಾನೂ ಹೋದೆ, ಅಮ್ಮ ಹಿಂದೆಯೇ ಉಳಿದಳು. ಬುಟ್ಟಿಗಳ ಮೇಲೆ ಕೂತಿದ್ದವರೆಲ್ಲ 'ಅವ್ವೋರು ಬಂದ್ರು' ಎಂದು ಜಾಗ ಬಿಟ್ಟರು. ಅಪ್ಪಾಜಿ ಆಪರೇಟರಿಗೆ ಕೂಗಿ ಹೇಳಿ ಆ ರೀಲನ್ನೇ ಮತ್ತೆ ಹಾಕಿಸಿದರು. ನೋಡಿದ್ದನ್ನೇ ನೋಡುವುದು ನಮ್ಮ ಜನಕ್ಕೆ ಬೇಸರವಲ್ಲ, ಯಾರೂ ಗಲಾಟೆ ಮಾಡಲಿಲ್ಲ. ಶರಣ ಮತ್ತೆ ಮಿಂದು ಬಂದ, ಕೂತ. ಅಜ್ಜಿ ಎರಡೂ ಕೈ ಜೋಡಿಸಿ, 'ಎಡಗೈಲೇ ಐತೆ ಕಣಪ್ಪ, ಸರ್ಯಾಗೇ ಐತೆ' ಎಂದು ಗಲ್ಲ ಗಲ್ಲ ಬಡಿದುಕೊಂಡಳು.

ನನಗೆ ಅದು ಕಾಣಲೇ ಇಲ್ಲ. ನಾನು ನೋಡುತ್ತಿದ್ದದ್ದು ಶರಣನ ಇನ್ನೊಂದು ಕೈಯನ್ನು, ಹೂವು ಏರಿಸುತ್ತಿದ್ದ ಕೈಯನ್ನು. ಅದು ಬಲಗೈ. ಪೂಜೆ ಮುಗಿಸಿ ಅವನು ಪ್ರಸಾದ ಹಂಚಿದ, ಬಲಗೈ. ಜನ ತೆಗೆದುಕೊಂಡರು, ಬಲಗೈ. ಶಿವ ಪ್ರತ್ಯಕ್ಷನಾಗಿ ಹರಸಿದ. ಬಲಗೈ. ನನ್ನ ಕಾಲ ಕೆಳಗಿನ ನೆಲವನ್ನು ಯಾರೋ ಚಾಪೆಯ ಹಾಗೆ ಸುತ್ತಿ ಒಯ್ದಂತಾಯಿತು. ಆ ಎಲ್ಲ ರಾಜರು, ಋಷಿಗಳು, ಮದುವೆಯ ಊಟಕ್ಕೆ ಕೂತ ಅಷ್ಟೂ ಮಂದಿ ಒಂದೇ ಏಟಿಗೆ ಅಜ್ಜಿಯ ಕಡೆ ಹೋಗಿ ನಿಂತುಬಿಟ್ಟರು. ಸಿಸ್ಟರ್ ಹೇಳುತ್ತಿದ್ದ ಅದರ್ ಹ್ಯಾಂಡ್ ಎಲ್ಲರ ಮೈಯಲ್ಲೂ ಇತ್ತು. ಚೀಲದೊಳಗೆ ನನ್ನ ಮುಷ್ಟಿ ತಣ್ಣಗಾಗಿತ್ತು. ಸಿನಿಮಾದಲ್ಲಿ ದೆವ್ವ ಬಂದಾಗಲೂ ಅಳದ ನಾನು ಶಿವನ ಮುಖ ನೋಡಿ ಅಳತೊಡಗಿದೆ. ಪಕ್ಕದಲ್ಲಿದ್ದ ರೈತನೊಬ್ಬ ಅಜ್ಜಿಗೆ, 'ಮಗೀಗೆ ಭಕ್ತಿ ಉಕ್ತಾ ಐತೆ ಅವ್ವಾ' ಎಂದ.

ಮಾರನೆಯ ಬೆಳಿಗ್ಗೆ ಭಿಕ್ಷೆಯ ಐನೋರು ಬಂದರು. ಜಂಗಮರು, ತಿಂಗಳಿಗೊಮ್ಮೆ ಬಾಗಿಲಲ್ಲಿ ನಿಂತು ಗಂಟೆ ಬಾರಿಸುವವರು. ಅವರ ಜೋಳಿಗೆಗೆ ಅಕ್ಕಿ ಹಾಕುವ ಕೆಲಸ ಮನೆಯ ಮಗುವಿನದು. ಶಾಲೆಗೆ ಹೊರಟಿದ್ದರಿಂದ ಕೈಗೆ ಚೀಲವಿರಲಿಲ್ಲ. ರಾತ್ರಿಯೆಲ್ಲ ನಿದ್ದೆಯಿಲ್ಲದೆ ಕಣ್ಣು ಊದಿತ್ತು. ಬಲಗೈ, ಬಲಗೈ, ಬಲಗೈ ಎಂದು ಬಾಯೊಳಗೇ ಹೇಳಿಕೊಳ್ಳುತ್ತ ಮರದ ಸೇರು ಹಿಡಿದು ಹೊಸ್ತಿಲಿಗೆ ಹೋದೆ. ಅಷ್ಟರಲ್ಲಿ ಒಳಗಿನಿಂದ ಅಜ್ಜಿ 'ಗಿರಿಜಾ!' ಎಂದಳು. ಹುಷಾರು ಹೇಳುವುದಕ್ಕೇ ಕೂಗಿರಬೇಕು. ನಾನು ಬೆಚ್ಚಿದೆ. ಬೆಚ್ಚಿದರೆ ಯಾವ ಕೈ ಮುಂದೆ ಬರುತ್ತದೆಂದು ಆಗಲೇ ಹೇಳಿದೆನಲ್ಲ, ಸೇರು ಆ ಕೈಗೆ ಬಂದುಬಿಟ್ಟಿತ್ತು. ಐನೋರು ಜೋಳಿಗೆಯ ಬಾಯಿ ಮುಚ್ಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು. ಅಕ್ಕಿ ಮೆಟ್ಟಿಲ ಮೇಲೆ ಚೆಲ್ಲಿತು. ಅವರು ಬೈಯಲಿಲ್ಲ, 'ಶಿವ ಶಿವಾ' ಎಂದು ಮುಂದಿನ ಮನೆಗೆ ಹೋದರು. ಅವರು ಹಿಂದೆ ಸರಿದ ಆ ಒಂದು ಹೆಜ್ಜೆಯಲ್ಲಿ ಅಜ್ಜಿ ಪುಟ್ಟಕ್ಕನ ಗಾಡಿಯನ್ನು ಕಂಡಿರಬೇಕು. ಅವಳ ಮುಖ ಬೂದಿಯಾಗಿತ್ತು.

"ಕುಡ್ಲು ಒಲೆಗಿಕ್ಕು" ಎಂದಳು, ಅಮ್ಮನಿಗೆ.

ಅಮ್ಮ ಇಟ್ಟಳು. ಅದನ್ನು ನಾನು ಮರೆಯಲಾರೆ. ಗೂಡಿನಿಂದ ಕುಡುಗೋಲು ತೆಗೆದು, ಬೆಂಕಿ ಕೆದಕಿ, ಮೊನೆಯನ್ನು ಕೆಂಡದೊಳಗೆ ಸೇರಿಸಿ, ಊದುಕೊಳವೆ ಹಿಡಿದು ಕೂತಳು. ಊದಲಿಲ್ಲ, ಕೊಳವೆಯನ್ನು ತುಟಿಗಿಟ್ಟುಕೊಂಡು ಹಾಗೇ ಕೂತಿದ್ದಳು. ಅಪ್ಪಾಜಿ ಬಾಗಿಲ ಚೌಕಟ್ಟಿನಲ್ಲಿ ಶರ್ಟಿನ ಗುಂಡಿ ಹಾಕುತ್ತ, ಹಾಕಿದ ಗುಂಡಿಯನ್ನೇ ಬಿಚ್ಚುತ್ತ ನಿಂತಿದ್ದರು. 'ಅವ್ವಾ…' ಎಂದರು ಒಮ್ಮೆ. 'ಸುಮ್ಕಿರು' ಎಂದಳು ಅಜ್ಜಿ. ಕುಡುಗೋಲಿನ ಮೊನೆ ಕಪ್ಪಿನಿಂದ ಕಂದು ಬಣ್ಣಕ್ಕೆ, ಕಂದಿನಿಂದ ಕೆಂಪಿಗೆ ತಿರುಗುವುದನ್ನು ನಾನು ನೋಡುತ್ತಿದ್ದೆ. ಓಡಲು ಕಾಲುಗಳಿಗೆ ತಿಳಿಯಲಿಲ್ಲ. ಹಿತ್ತಿಲ ಬಾಗಿಲು ತೆರೆದಿತ್ತು, ಆಚೆ ಪರದೆ ಬೆಳಗಿನ ಬಿಸಿಲಿಗೆ ಖಾಲಿಯಾಗಿ ನೇತಾಡುತ್ತಿತ್ತು. ಅದರಲ್ಲಿ ಯಾರೂ ಇರಲಿಲ್ಲ. ಅಜ್ಜಿ ನನ್ನ ಎಡಗೈ ಮಣಿಕಟ್ಟು ಹಿಡಿದಳು. 

ಆಗ ಅಮ್ಮ ಕೊಳವೆ ಕೆಳಗಿಟ್ಟು, ತಲೆ ಎತ್ತದೆ, ಒಲೆಗೆ ಹೇಳುವವಳ ಹಾಗೆ ಹೇಳಿದಳು.

"ಅತ್ತೆ, ನಿನ್ನೆ ಲಿಂಗ ಯಾವ ಕೈಲಿ ಇರ್ಬೇಕು ಅಂತ ಗಲಾಟೆ ಮಾಡಿದ್ರಿ?"

"ಎಡಗೈಲಿ. ಅದ್ಯಾಕೀಗ?"

"ಶಿವರಾತ್ರಿಗೆ ಗುರುಗಳು ಇವಳ ಅಂಗೈಲಿ ಲಿಂಗ ಕೂರಿಸ್ತಾರಲ್ಲ. ಅದೂ ಆ ಕೈಲೇ ತಾನೆ?"

ಅಜ್ಜಿ ನನ್ನ ಕೈಯನ್ನು ಬೋರಲು ತಿರುಗಿಸಿದಳು.

"ಬರೆ ಅಂಗೈಗೆ ಎಳೆಯಾಕಿಲ್ಲ. ಮೇಲ್ಗಡೆಗೆ."

"ಮೇಲ್ಗಡೆ ಸುಟ್ರೂ ಬೆರಳು ಮಡಚೋಕಾಗಲ್ಲ ಅತ್ತೆ. ನೋವಿಗೆ ಕೈ ನಡುಗಿ ಲಿಂಗ ಜಾರಿ ಬಿದ್ರೆ?"

ಆ ಮಾತಿನ ಭಾರ ಹೊರಗಿನವರಿಗೆ ತಿಳಿಯುವುದು ಕಷ್ಟ. ಕಟ್ಟಿಕೊಂಡ ಲಿಂಗ ನೆಲಕ್ಕೆ ಬೀಳುವುದೆಂದರೆ ಅಜ್ಜಿಯಂಥವರಿಗೆ ಪ್ರಾಣ ಹೋದದ್ದಕ್ಕಿಂತ ಹೆಚ್ಚು. ಅದರ ಹೆಸರೆತ್ತುವುದೇ ಅಪಶಕುನ. ತಾತ ಸತ್ತಾಗಲೂ ಗಟ್ಟಿಯಾಗಿದ್ದಳೆನ್ನುವ ಅಜ್ಜಿ ನನ್ನ ಕೈಯನ್ನು ಹಿಡಿದೇ ಗೋಡೆಗೊರಗಿ ಕೂತಳು. ನನ್ನ ಅಂಗೈಯನ್ನು ಬಿಡಿಸಿ, ಮೊದಲ ಸಲ ನೋಡುವವಳಂತೆ ನೋಡಿದಳು. ತನ್ನ ಎಡ ಅಂಗೈಯನ್ನೂ ಪಕ್ಕದಲ್ಲಿಟ್ಟು ನೋಡಿದಳು. ದಿನಾ ಲಿಂಗ ಕೂರಿಸಿ, ನೀರೆರೆದು, ವಿಭೂತಿ ಬಳಿದು ಅದರ ಗೆರೆಗಳು ಬೆಳ್ಳಗಾಗಿದ್ದವು. ಅಷ್ಟು ವರ್ಷ ಬೆಳಿಗ್ಗೆ ದೇವರನ್ನು ಕೂರಿಸಿದ ಕೈಯನ್ನೇ ಸಂಜೆ ಮೊಮ್ಮಗಳ ಮೈಯಲ್ಲಿ ಕಟ್ಟಿಹಾಕುತ್ತಿದ್ದೇನೆಂದು ಅವಳಿಗೆ ಹೊಳೆಯಿತೋ, ಅಥವಾ ಬರೀ ಲಿಂಗ ಬೀಳುವ ಭಯವೋ, ನನಗೆ ಇಂದಿಗೂ ಗೊತ್ತಿಲ್ಲ.

"ತೆಗಿ ಕುಡ್ಲ" ಎಂದಳು ಕೊನೆಗೆ. "ಸೊಪ್ಪು ಕುಯ್ಯಾಕೆ ಬೇಕು. ಹದ ಹೋದಾತು."

ಹದ ಹೋಗಿಯೇ ಹೋಗಿತ್ತು. ಆ ಕುಡುಗೋಲು ಮತ್ತೆ ನೆಟ್ಟಗೆ ಸೊಪ್ಪು ಕೊಯ್ಯಲಿಲ್ಲ. ಆದರೆ ಅಜ್ಜಿ ಅದನ್ನು ಗೂಡಿನಿಂದ ಕದಲಿಸಲೂ ಇಲ್ಲ, ಸಂಜೆಯ ಚೀಲವನ್ನು ಬಿಡಲೂ ಇಲ್ಲ. ಶಿವರಾತ್ರಿಯವರೆಗೆ ಮತ್ತೆ ಯಾವ ಗಳಿಗೆಯಲ್ಲಿ ಅವಳ ಮನಸ್ಸು ತಿರುಗುತ್ತದೋ ಎಂದು ನಾನು ಉಸಿರು ಬಿಗಿಹಿಡಿದೇ ಓಡಾಡಿದೆ. ದೀಕ್ಷೆಯ ದಿನ ನೆಂಟರೆದುರು ಗುರುಗಳು 'ಅಂಗೈ ಚಾಚು ಮಗು' ಎಂದಾಗ ನಾನು ಕಲಿತ ಪಾಠದಂತೆ ಬಲಗೈ ಚಾಚಿದೆ. 'ಅದಲ್ಲ, ಎಡಗೈ' ಎಂದರು. ಅದು ಚೀಲದಲ್ಲಿತ್ತು. ದೀಕ್ಷೆಯ ಹೊತ್ತಿನವರೆಗೆ ನೆಂಟರ ಕಣ್ಣಿಗೆ ಬೀಳದಿರಲೆಂದು ಅಜ್ಜಿಯೇ ಬೆಳಿಗ್ಗೆ ಕಟ್ಟಿ ಅದರ ಮೇಲೆ ಶಾಲು ಹೊದಿಸಿದ್ದಳು. ಎಲ್ಲರೂ ನೋಡುತ್ತಿದ್ದಂತೆ ಅವಳೇ ಮುಂದೆ ಬಂದಳು. ಲಾಡಿ ಬಿಗಿದುಕೊಂಡಿತ್ತು, ಬೆರಳಿಗೆ ಬರಲಿಲ್ಲ. ಬಗ್ಗಿ ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಅವಳ ಉಸಿರು ನನ್ನ ಮಣಿಕಟ್ಟಿಗೆ ಬಿಸಿಯಾಗಿ ತಾಗಿತು. ಲಿಂಗ ತಣ್ಣಗಿತ್ತು. ಜಾರಲಿಲ್ಲ. ಆ ಕೈಯಲ್ಲಿ ಹಿಡಿದದ್ದು ನನ್ನಿಂದ ಯಾವತ್ತೂ ಜಾರುತ್ತಿರಲಿಲ್ಲ.

ಮತ್ತೆ ಚೀಲ ಕಟ್ಟಲಿಲ್ಲ. 'ಉಣ್ಣೋದು, ಬಡಿಸೋದು ಬಲಗೈಲಿ. ಮಿಕ್ಕದ್ದು ನಿನ್ನಿಷ್ಟ' ಎಂದು ಅಜ್ಜಿ ರಾಜಿಯಾದಳು. ಅಷ್ಟಕ್ಕೇ ನಿಲ್ಲಲಿಲ್ಲ. ಒಂದು ಬೆಳಿಗ್ಗೆ ನನ್ನ ಜೊತೆ ಹಳಿ ದಾಟಿ ಕಾನ್ವೆಂಟಿಗೇ ಬಂದುಬಿಟ್ಟಳು. ವಿಭೂತಿಯ ಅಜ್ಜಿ, ಶಿಲುಬೆಯ ಸಿಸ್ಟರ್, ನಡುವೆ ಹೆದರಿ ಒಣಗಿದ ನಾನು.

"ಈವಮ್ಮನಿಗೆ ಹೇಳು. ಆ ಕೈಗೆ ಹೊಡೀಬ್ಯಾಡಿ. ಅಲ್ಲಿ ದೇವ್ರು ಕೂತವ್ನೆ."

"ಸಿಸ್ಟರ್, ಮೈ ಗ್ರ್ಯಾಂಡ್‌ಮದರ್ ಸೇಸ್… ಗಾಡ್ ಸಿಟ್ಸ್ ಆನ್ ದಿಸ್ ಹ್ಯಾಂಡ್."

ಸಿಸ್ಟರ್ ನನ್ನ ಕೈಯನ್ನೂ ಅಜ್ಜಿಯನ್ನೂ ನೋಡಿದರು. "ವಿಚ್ ಗಾಡ್?"

"ಏನಂದ್ಲೇ?" ಎಂದಳು ಅಜ್ಜಿ.

"ಆಗ್ಲಿ ಅಂದ್ರು ಅಜ್ಜಿ."

ಅವತ್ತಿನಿಂದ ಸಿಸ್ಟರ್ ನನ್ನ ಬೆಂಚಿನ ಹತ್ತಿರ ಬಂದರೆ ಮುಖ ಕಿಟಕಿಯ ಕಡೆ ತಿರುಗಿಸಿಕೊಂಡು ದಾಟುತ್ತಿದ್ದರು. ರೂಲರ್ ಮಾತ್ರ ಕೈಯಲ್ಲೇ ಇರುತ್ತಿತ್ತು. ಅದು ಇವತ್ತು ಏಳುತ್ತದೋ ನಾಳೆ ಏಳುತ್ತದೋ ಎಂದು ಕಾಯುತ್ತಲೇ ನನ್ನ ಹ್ಯಾಂಡ್‌ರೈಟಿಂಗ್ ಚೆನ್ನಾಯಿತು.

ಎರಡು ಸಾವಿರದ ಇಸವಿ ದಾಟಿದ ಮೇಲೆ, ಮೈಸೂರು ರಸ್ತೆಯುದ್ದಕ್ಕೂ ಫ್ಯಾಕ್ಟರಿಗಳು ಏಳುತ್ತಿದ್ದ ಕಾಲದಲ್ಲಿ, ಒಮ್ಮೆ ಆ ಜಾಗ ನೋಡಲು ಹೋದೆ. ಮನೆಗಳಿಗೆ ಟಿವಿ ಬಂದ ಮೇಲೆ ಟೆಂಟು ಮುಚ್ಚಿತ್ತು. ಅಪ್ಪಾಜಿ ಹೋದ ಮೇಲೆ ಜಾಗ ಕೈಬದಲಾಗಿ ಈಗ ಅಲ್ಲಿ ಒಂದು ಗಾರ್ಮೆಂಟ್ಸ್. ನೀಲಿ ತಗಡಿನ ಉದ್ದನೆಯ ಶೆಡ್ಡು, ಒಳಗೆ ಹೊಲಿಗೆ ಯಂತ್ರಗಳ ಗುಡುಗು. ಆ ಗುಡುಗಿಗೆ ಎದೆ ಹಳೆಯ ಥರವೇ ಹೊಡೆದುಕೊಂಡಿತು. ಗೇಟಿನ ಸೆಕ್ಯುರಿಟಿಯವನು ಒಳಗೆ ಬಿಡಲು ಹೆಸರು ಬರೆಯಿರಿ ಎಂದ. ನಾನು ಪೆನ್ನು ಹಿಡಿದದ್ದೇ ಅವನು 'ಎಡಗೈಯಾ ಮೇಡಂ?' ಎಂದ. ಅರವತ್ತು ದಾಟಿದ ನಾನು, ಮೊಮ್ಮಕ್ಕಳಿದ್ದ ನಾನು, ಪೆನ್ನು ಬಿಟ್ಟು ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಅವನು ಗಾಬರಿಯಾದ. 'ಸುಮ್ನೆ ಕೇಳ್ದೆ ಕಣಮ್ಮ, ಬರ್ಕಳಿ ಬರ್ಕಳಿ' ಎಂದ. ಒಳಗೆ ಹೋಗುವ ಮನಸ್ಸಾಗಲಿಲ್ಲ. ಕಾಂಪೌಂಡಿನ ಹೊರಗಿನಿಂದಲೇ ನಮ್ಮ ಅಡುಗೆಮನೆ ಎಲ್ಲಿತ್ತು, ಪರದೆ ಎಲ್ಲಿತ್ತು ಎಂದು ಅಂದಾಜು ಮಾಡುತ್ತ ನಿಂತೆ. ಬರೆ ಬೀಳದ ಕೈಯೂ ಇಷ್ಟು ವರ್ಷ ಉರಿಯುತ್ತದಲ್ಲ ಎನಿಸಿತು.

ಅಲ್ಲಿ ನಿಂತಾಗ ನೆನಪಾದದ್ದು ದೀಕ್ಷೆಯಾದ ಮೇಲಿನ ಒಂದು ಸಂಜೆ. ನಾನು ಪರದೆಯ ಹಿಂದೆ ಹೋಗುವುದನ್ನೇ ಬಿಟ್ಟಿದ್ದೆ. ಸುಳ್ಳೆಂದು ಗೊತ್ತಾದ ಮೇಲೆ ನೋಡುವುದೇನನ್ನು? ಅವತ್ತು ಹಳೆಯ ರಾಜನ ಚಿತ್ರ ಮತ್ತೆ ಬಂದಿತ್ತು. ಅಡುಗೆಮನೆಯಲ್ಲಿ ಲೋಟಗಳು ಝಲ್ಲೆನ್ನುತ್ತಿದ್ದವು. ಹಿತ್ತಿಲ ಕಡೆಯಿಂದ ಅಜ್ಜಿ ಕೂಗಿದಳು. ಮತ್ತೇನು ಕಾದಿದೆಯೋ ಎಂದುಕೊಂಡೇ ಹೋದೆ. ಅವಳು ಅಮ್ಮನ ಪಕ್ಕ, ಚಾಪೆಯ ಮೇಲೆ, ಕಾಲು ಚಾಚಿ ಕೂತಿದ್ದಳು. ಅಪ್ಪಾಜಿ ಮುಂದೆ ಕೂರಲು ಕರೆದರೆ, ಅಲ್ಲಿ ಕೂತರೆ ಕತ್ತು ನೋಯುತ್ತದೆ ಎಂದಳಂತೆ. ಪರದೆಯ ಮೇಲೆ ರಾಜ ಸಭೆಗೆ ಬಂದು ಎಡಗೈಯಲ್ಲಿ ಕತ್ತಿ ಹಿರಿದ. ಅಜ್ಜಿ ಪಕ್ಕಕ್ಕೆ ಸರಿದು ಚಾಪೆಯನ್ನು ತಟ್ಟಿದಳು.

"ಬಾರೇ, ಒಸಿ ಕೂತ್ಕೊ. ನೋಡು, ನಿಮ್ಮೋನು ಬಂದ."